ವೈದ್ಯರು ಹೇಳಿದ್ದೆಷ್ಟು, ಧರ್ಮಸಭೆ ಹೇಳಿದ್ದೆಷ್ಟು? ಪವಾಡ, ವಿಕಾಸವಾದ ಮತ್ತು ಕ್ಯಾಥೊಲಿಕ್ ವಿಶ್ವಾಸ

2025ರ ಸೆಪ್ಟೆಂಬರ್ 7ರಂದು ಪೋಪ್ 14ನೇ ಲಿಯೊ ಅವರು ಕಾರ್ಲೊ ಅಕ್ಯುಟಿಸ್ ಎಂಬ ಹುಡುಗನನ್ನು ಸಂತನೆಂದು ಘೋಷಿಸಿದರು. 1991ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, ಇಟಲಿಯಲ್ಲಿ ಬೆಳೆದು, 2006ರಲ್ಲಿ ಹದಿನೈದನೆಯ ವಯಸ್ಸಿಗೇ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ ಈತ ಕಂಪ್ಯೂಟರಿನಲ್ಲಿ ಪಳಗಿದವನು. ಪರಮಪ್ರಸಾದಕ್ಕೆ (ಪೂಜೆಯಲ್ಲಿ ಯೇಸುವಿನ ದೇಹವೆಂದು ಸ್ವೀಕರಿಸುವ ರೊಟ್ಟಿಗೆ) ಸಂಬಂಧಿಸಿದ ಪವಾಡಗಳ ವಿವರಗಳನ್ನು ಕಲೆಹಾಕಿ ಜಾಲತಾಣವೊಂದನ್ನು ರೂಪಿಸಿದ್ದವನು. ಈ ಸುದ್ದಿಯ ಬೆನ್ನಿಗೇ ಇನ್ನೊಂದು ಮಾತೂ ಹರಡಿತು. ಈತನ ಹೆಸರಿನಲ್ಲಿ ಪ್ರಾರ್ಥಿಸಿದ ಮೇಲೆ ಇಬ್ಬರು ಗುಣವಾದದ್ದನ್ನು ವೈದ್ಯರ ಮಂಡಳಿಯೇ ಪರೀಕ್ಷಿಸಿದೆ, ಆದ್ದರಿಂದ ಪವಾಡವನ್ನು ವಿಜ್ಞಾನ ಒಪ್ಪಿಕೊಂಡಂತಾಯಿತು ಎಂಬುದು ಆ ಮಾತಿನ ಸಾರ.

ಓದುಗರಿಗೆ ಗೊಂದಲವಾಗುವುದು ಸಹಜ. ಇದೇ ಧರ್ಮಸಭೆ, ಅಂದರೆ ಕ್ಯಾಥೊಲಿಕ್ ಚರ್ಚ್, ತನ್ನದೇ ಖಗೋಳ ವೀಕ್ಷಣಾಲಯವನ್ನು ನಡೆಸುತ್ತದೆ. ವಿಶ್ವವು ಅತಿ ಸಾಂದ್ರವಾದ ಒಂದು ಆರಂಭಸ್ಥಿತಿಯಿಂದ ಹಿಗ್ಗುತ್ತ ಬಂದಿತು ಎಂಬ ವಿಚಾರವನ್ನು 1927 ಮತ್ತು 1931ರ ನಡುವೆ ಮಂಡಿಸಿದ ಜಾರ್ಜ್ ಲಮೇತ್ರ್ ಬೆಲ್ಜಿಯಂನ ಕ್ಯಾಥೊಲಿಕ್ ಪಾದ್ರಿ. ಬಟಾಣಿ ಗಿಡಗಳ ಮೇಲೆ ಪ್ರಯೋಗ ಮಾಡಿ ತಳಿವಿಜ್ಞಾನಕ್ಕೆ ಬುನಾದಿ ಹಾಕಿದ ಗ್ರೆಗರ್ ಮೆಂಡಲ್ ಅಗಸ್ಟೀನಿಯನ್ ಮಠದ ಸನ್ಯಾಸಿ. ಹೀಗಿರುವಾಗ ಅದೇ ಧರ್ಮಸಭೆ ರೋಗ ವಾಸಿಯಾದದ್ದನ್ನು ಪವಾಡವೆಂದು ಸಾರಿದರೆ, ಅದು ಯಾವ ಕಡೆಗಿದೆ ಎಂಬ ಪ್ರಶ್ನೆ ಏಳುತ್ತದೆ.

ಬೆಳಗಾವಿಯಲ್ಲಿ ಈ ಪ್ರಶ್ನೆ ಎರಡೂ ದಿಕ್ಕಿನಿಂದ ಬರುತ್ತದೆ. ವೈದ್ಯಕೀಯ ಕಾಲೇಜುಗಳೂ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಇರುವ ಊರಿದು. 1856ರಲ್ಲಿ ಆರಂಭವಾದ ಸಂತ ಪೌಲರ ಪ್ರೌಢಶಾಲೆಯೂ, ಗೋವಾದಿಂದ ಬೇರ್ಪಟ್ಟು 1953ರಲ್ಲಿ ಸ್ಥಾಪನೆಯಾದ ಧರ್ಮಪ್ರಾಂತ್ಯದ (ಒಬ್ಬ ಬಿಷಪರ ಆಡಳಿತ ವ್ಯಾಪ್ತಿಯ) ಫಾತಿಮಾ ಪ್ರಧಾನಾಲಯವೂ ಇಲ್ಲಿವೆ. ಡಿಸೆಂಬರ್ 6ರಂದು ಸದಾಶಿವನಗರದ ಸ್ಮಶಾನದಲ್ಲಿ ಮಾನವ ಬಂಧುತ್ವ ವೇದಿಕೆ ನಡೆಸಿಕೊಂಡು ಬಂದಿರುವ ಮೌಢ್ಯವಿರೋಧಿ ಕಾರ್ಯಕ್ರಮವೂ ಇಲ್ಲಿನದೇ. ಆದ್ದರಿಂದ ಕ್ಯಾಥೊಲಿಕ್ ನಿಲುವು ನಿಜಕ್ಕೂ ಏನು, ಅದು ಎಲ್ಲಿ ಗಟ್ಟಿಯಾಗಿದೆ, ಎಲ್ಲಿ ಇನ್ನೂ ಇಕ್ಕಟ್ಟಿನಲ್ಲಿದೆ ಎಂಬುದನ್ನು ಬಿಡಿಸಿ ನೋಡುವ ಅಗತ್ಯವಿದೆ.

ವೈದ್ಯರ ಮುಂದಿಡುವ ಪ್ರಶ್ನೆ

ಹುತಾತ್ಮನಲ್ಲದ ವ್ಯಕ್ತಿಯನ್ನು 'ಧನ್ಯ' ಎಂದು ಕರೆಯಲು ಸಾಮಾನ್ಯವಾಗಿ ಒಂದು ಪವಾಡ, ಸಂತನೆಂದು ಘೋಷಿಸಲು ಇನ್ನೊಂದು ಪವಾಡ ಬೇಕಾಗುತ್ತದೆ. ಅಕ್ಯುಟಿಸ್ ವಿಷಯದಲ್ಲಿ ಮೊದಲನೆಯದು ಬ್ರೆಜಿಲ್‌ನಲ್ಲಿ 2013ರಲ್ಲಿ, ಮೇದೋಜೀರಕ ಗ್ರಂಥಿಯ ಹುಟ್ಟುದೋಷದಿಂದ ನರಳುತ್ತಿದ್ದ ಮಗು ಶಸ್ತ್ರಚಿಕಿತ್ಸೆಯಿಲ್ಲದೆ ಗುಣವಾದದ್ದು. ಎರಡನೆಯದು 2022ರಲ್ಲಿ ಇಟಲಿಯ ಫ್ಲಾರೆನ್ಸ್‌ನಲ್ಲಿ ಸೈಕಲ್ ಅಪಘಾತದಿಂದ ತಲೆಗೆ ಭಾರೀ ಪೆಟ್ಟಾಗಿದ್ದ ಕೋಸ್ಟರಿಕಾದ ವಿದ್ಯಾರ್ಥಿನಿ ಚೇತರಿಸಿಕೊಂಡದ್ದು.

ಇಂಥ ಪ್ರಕರಣಗಳು ವ್ಯಾಟಿಕನ್‌ನ ವೈದ್ಯ ಮಂಡಳಿಯ ಮುಂದೆ ಬಂದಾಗ 'ಇದು ಪವಾಡವೇ?' ಎಂದು ಅವರನ್ನು ಯಾರೂ ಕೇಳುವುದಿಲ್ಲ. ಈ ಗುಣವನ್ನು ಇಂದಿನ ವೈದ್ಯಕೀಯ ತಿಳಿವಳಿಕೆಯಿಂದ ವಿವರಿಸಲು ಸಾಧ್ಯವೇ ಎಂಬುದಷ್ಟೇ ಅವರ ಮುಂದಿರುವ ಪ್ರಶ್ನೆ. 18ನೇ ಶತಮಾನದಲ್ಲಿ ಪ್ರಾಸ್ಪೆರೊ ಲಂಬರ್ಟಿನಿ, ಅಂದರೆ ಮುಂದೆ ಪೋಪ್ 14ನೇ ಬೆನೆಡಿಕ್ಟ್ ಆದವರು, ಇದಕ್ಕೆ ಅಳತೆಗೋಲುಗಳನ್ನು ನಿಗದಿಪಡಿಸಿದರು. ರೋಗ ತೀವ್ರವಾಗಿರಬೇಕು, ತಾನಾಗಿ ಇಳಿಯುವ ಹಂತದಲ್ಲಿರಬಾರದು, ಗುಣ ಒಮ್ಮೆಲೇ ಹಾಗೂ ಪೂರ್ತಿಯಾಗಿ ಆಗಿರಬೇಕು, ರೋಗ ಮರುಕಳಿಸಬಾರದು. 2016ರ ನಿಯಮಗಳ ಪ್ರಕಾರ ಏಳು ತಜ್ಞರ ಮಂಡಳಿಯಲ್ಲಿ ಕನಿಷ್ಠ ಐವರು 'ವಿವರಣೆ ಸಿಗದು' ಎಂದು ಹೇಳಬೇಕು. ವೈದ್ಯರ ಕೆಲಸ ಅಲ್ಲಿಗೆ ಮುಗಿಯುತ್ತದೆ. ಗುಣಕ್ಕೂ ಪ್ರಾರ್ಥನೆಗೂ ನಂಟು ಇದೆಯೇ ಎಂಬುದನ್ನು ನಂತರ ದೈವಶಾಸ್ತ್ರಜ್ಞರು, ಆಮೇಲೆ ಕಾರ್ಡಿನಲ್‌ಗಳು ಮತ್ತು ಬಿಷಪರು ಪರಿಶೀಲಿಸುತ್ತಾರೆ. ಕೊನೆಯ ನಿರ್ಣಯ ಪೋಪರದು.

ಹೀಗಾಗಿ 'ವಿಜ್ಞಾನ ಪವಾಡವನ್ನು ದೃಢಪಡಿಸಿತು' ಎಂಬ ಮಾತು ವಿಜ್ಞಾನದ ಲೆಕ್ಕದಲ್ಲೂ ತಪ್ಪು, ಕ್ಯಾಥೊಲಿಕ್ ಬೋಧನೆಯ ಲೆಕ್ಕದಲ್ಲೂ ತಪ್ಪು. ವಿಜ್ಞಾನ ಹೇಳಿದ್ದು 'ನಮಗೆ ಕಾರಣ ತಿಳಿಯದು' ಎಂದಷ್ಟೇ. 'ಇದು ದೇವರ ಕೆಲಸ' ಎಂಬುದು ವಿಶ್ವಾಸಿಗಳ ಸಮುದಾಯ ತನ್ನ ಹೊಣೆಯಲ್ಲಿ ಕೈಗೊಳ್ಳುವ ತೀರ್ಮಾನ. ಈ ಎರಡರ ನಡುವೆ ಅಂತರವಿದೆ, ಮತ್ತು ಟೀಕಾಕಾರರ ಬಲವಾದ ಆಕ್ಷೇಪ ಹುಟ್ಟುವುದೂ ಅಲ್ಲಿಯೇ. ಇಂದು ಕಾರಣ ಸಿಗದ್ದಕ್ಕೆ ನಾಳೆ ಸಿಗಬಹುದು. ಪ್ರಾರ್ಥಿಸಿಯೂ ಗುಣವಾಗದ ಲಕ್ಷಾಂತರ ಜನರ ಕಡತಗಳು ರೋಮ್ ತಲುಪುವುದೇ ಇಲ್ಲ. ಕೆಲವು ಗಡ್ಡೆಗಳು ಅಪರೂಪಕ್ಕೆ ತಾವಾಗಿಯೇ ಕರಗುವುದು ವೈದ್ಯರಿಗೆ ಗೊತ್ತಿರುವ ಸಂಗತಿ. ಈ ಆಕ್ಷೇಪವನ್ನು ವೈದ್ಯಕೀಯ ವರದಿಗಳಿಂದ ತಳ್ಳಿಹಾಕಲು ಬರುವುದಿಲ್ಲ. ಧರ್ಮಸಭೆ ಮಾಡಬಹುದಾದದ್ದು, ಮತ್ತು ತಕ್ಕಮಟ್ಟಿಗೆ ಮಾಡುತ್ತಿರುವುದು, ಜರಡಿಯನ್ನು ಸಣ್ಣದಾಗಿಡುವುದು. ಫ್ರಾನ್ಸಿನ ಲೂರ್ದ್ ಕ್ಷೇತ್ರದಲ್ಲಿ ಸುಮಾರು 7,000 ಪ್ರಕರಣಗಳು ದಾಖಲಾಗಿದ್ದರೂ 1858ರಿಂದ ಇಲ್ಲಿಯವರೆಗೆ ಪವಾಡವೆಂದು ಒಪ್ಪಿಕೊಂಡವು ಎಪ್ಪತ್ತರ ಆಸುಪಾಸಿನವು ಮಾತ್ರ. ಯೇಸುವಿನ ಶವಕ್ಕೆ ಸುತ್ತಿದ್ದೆಂದು ಹಲವರು ನಂಬುವ ಟುರಿನ್‌ನ ಶವವಸ್ತ್ರದ ತುಣುಕುಗಳನ್ನು ಧರ್ಮಸಭೆಯೇ ಪ್ರಯೋಗಾಲಯಗಳಿಗೆ ಕೊಟ್ಟಿತು. ಆ ಬಟ್ಟೆ 1260 ಮತ್ತು 1390ರ ನಡುವಿನದು ಎಂಬ ಫಲಿತಾಂಶ 1988ರಲ್ಲಿ ಬಂದಾಗ ಅದನ್ನು ಮುಚ್ಚಿಡಲಿಲ್ಲ.

ಶ್ರೀಗ್ರಂಥವನ್ನು ಓದುವ ಬಗೆ

ಪವಾಡಕ್ಕಿಂತ ಹಳೆಯ ತಕರಾರು ಶ್ರೀಗ್ರಂಥದ, ಅಂದರೆ ಬೈಬಲಿನ, ಮೊದಲ ಪುಸ್ತಕವಾದ ಆದಿಕಾಂಡದ್ದು. ದೇವರು ಆರು ದಿನಗಳಲ್ಲಿ ಲೋಕವನ್ನು ಸೃಷ್ಟಿಸಿದ ಎಂಬ ಮೊದಲ ಅಧ್ಯಾಯವನ್ನು ಅಕ್ಷರಶಃ ನಂಬುವುದೇ ಕ್ರೈಸ್ತಧರ್ಮ ಎಂದು ಹಲವರು ತಿಳಿದಿದ್ದಾರೆ. ಕೆಲವು ಪಂಗಡಗಳು ಹಾಗೆ ಬೋಧಿಸುವುದೂ ಉಂಟು. ಕ್ಯಾಥೊಲಿಕ್ ಪರಂಪರೆ ಮಾತ್ರ ಈ ದಾರಿ ಹಿಡಿದಿಲ್ಲ, ಅದೂ ಡಾರ್ವಿನ್ನನಿಗೆ ಹೆದರಿ ಅಲ್ಲ.

ಐದನೆಯ ಶತಮಾನದ ಆರಂಭದಲ್ಲಿ, ಉತ್ತರ ಆಫ್ರಿಕದ ಹಿಪ್ಪೊ ಪಟ್ಟಣದ ಬಿಷಪ್ ಅಗಸ್ಟೀನರು ಆದಿಕಾಂಡದ ಮೇಲೆ ಬರೆಯುತ್ತ ಒಂದು ಸರಳ ತೊಡಕನ್ನು ಎದುರಿಗಿಟ್ಟುಕೊಂಡರು. ಸೂರ್ಯ ಸೃಷ್ಟಿಯಾದದ್ದು ನಾಲ್ಕನೆಯ ದಿನ. ಹಾಗಾದರೆ ಅದಕ್ಕೆ ಮುಂಚಿನ ಮೂರು 'ದಿನ'ಗಳು ಯಾವ ಬಗೆಯವು? ಅವು ನಮ್ಮ ಇಪ್ಪತ್ತನಾಲ್ಕು ಗಂಟೆಯ ದಿನಗಳಾಗಿರಲಾರವು ಎಂಬ ನಿಲುವಿಗೆ ಅವರು ಬಂದರು. ಆಕಾಶ, ನಕ್ಷತ್ರ, ಗ್ರಹಣ ಮೊದಲಾದ ವಿಷಯಗಳು ಕ್ರೈಸ್ತರಲ್ಲದವರಿಗೂ ಅನುಭವದಿಂದ, ಲೆಕ್ಕದಿಂದ ಚೆನ್ನಾಗಿ ಗೊತ್ತಿರುತ್ತವೆ. ಅವರ ಮುಂದೆ ಕ್ರೈಸ್ತನೊಬ್ಬ ಶ್ರೀಗ್ರಂಥವನ್ನು ಮುಂದಿಟ್ಟುಕೊಂಡು ತಪ್ಪುತಪ್ಪಾಗಿ ಮಾತಾಡಿದರೆ ನಗೆಪಾಟಲಿಗೀಡಾಗುವುದು ಆತನೊಬ್ಬನೇ ಅಲ್ಲ, ಗ್ರಂಥವೂ ಹೌದು. ಆಮೇಲೆ ಪುನರುತ್ಥಾನದ, ಅಂದರೆ ಸತ್ತವರು ಮತ್ತೆ ಎದ್ದುಬರುವುದರ, ಬಗ್ಗೆ ಅದೇ ಗ್ರಂಥ ಹೇಳುವುದನ್ನು ಯಾರು ನಂಬಿಯಾರು ಎಂದೂ ಅವರು ಎಚ್ಚರಿಸಿದರು. ಸಾವಿರದ ಆರುನೂರು ವರ್ಷಗಳ ಹಿಂದಿನ ಈ ಎಚ್ಚರಿಕೆ ಇಂದಿನ ಯೂಟ್ಯೂಬ್ ಪ್ರವಚನಗಳಿಗೂ ಅಷ್ಟೇ ನೇರವಾಗಿ ಅನ್ವಯಿಸುತ್ತದೆ.

ಹದಿಮೂರನೆಯ ಶತಮಾನದ ದೈವಶಾಸ್ತ್ರಜ್ಞ ತಾಮಸ್ ಅಕ್ವಿನಾಸ್ ಇದಕ್ಕೆ ತತ್ವಶಾಸ್ತ್ರದ ಆಧಾರ ಒದಗಿಸಿದರು. ದೇವರು ಪ್ರಥಮ ಕಾರಣ. ಬೆಂಕಿ, ನೀರು, ಬೀಜ, ಮನುಷ್ಯ ಇವೆಲ್ಲ ತಮ್ಮದೇ ನಿಜವಾದ ಶಕ್ತಿಯುಳ್ಳ ದ್ವಿತೀಯ ಕಾರಣಗಳು. ಮಲಪ್ರಭೆಯ ದಂಡೆಯ ರೈತ 'ಈ ವರ್ಷದ ಬೆಳೆ ದೇವರು ಕೊಟ್ಟದ್ದು' ಎಂದರೆ ಬೀಜ, ಗೊಬ್ಬರ, ಕಾಲುವೆಯ ನೀರಿನ ಕೆಲಸವನ್ನು ಆತ ಅಲ್ಲಗಳೆದಂತಾಗುವುದಿಲ್ಲ. ಹಾಗೆಯೇ, ವಿಜ್ಞಾನ ದ್ವಿತೀಯ ಕಾರಣಗಳನ್ನು ಎಷ್ಟು ಸಂಪೂರ್ಣವಾಗಿ ವಿವರಿಸಿದರೂ ದೇವರ ಪಾಲು ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ವಿವರಣೆ ಸಿಗದ ಸಂದುಗಳಲ್ಲಿ ಮಾತ್ರ ದೇವರನ್ನು ಹುಡುಕುವವರು, ವಿಶ್ವಾಸಿಗಳಿರಲಿ ಟೀಕಾಕಾರರಿರಲಿ, ಈ ಪರಂಪರೆಯ ದೇವರ ಬಗ್ಗೆ ಮಾತಾಡುತ್ತಿಲ್ಲ.

ಗೆಲಿಲಿಯೊ ಪ್ರಕರಣದಲ್ಲಿ ಆದದ್ದು

ಓದುವ ನಿಯಮ ಇಷ್ಟು ಹಳೆಯದಾಗಿದ್ದರೆ ಭೂಮಿಯೇ ಸೂರ್ಯನನ್ನು ಸುತ್ತುತ್ತದೆ ಎಂದ ಗೆಲಿಲಿಯೊಗೆ 1633ರಲ್ಲಿ ಶಿಕ್ಷೆಯಾದದ್ದೇಕೆ? ಬೈಬಲಿನ ಯೆಹೋಶುವನ ಗ್ರಂಥದ 10ನೇ ಅಧ್ಯಾಯದಲ್ಲಿ ಸೂರ್ಯನಿಗೆ ನಿಲ್ಲೆಂದು ಅಪ್ಪಣೆಯಾಗುತ್ತದೆ. ಚಲಿಸುವುದು ಭೂಮಿಯೆಂದಾದರೆ ಆ ವಾಕ್ಯಕ್ಕೆ ಏನರ್ಥ ಎಂಬುದು ಅಂದಿನ ವಾದ. ಪವಿತ್ರಾತ್ಮರು ಕಲಿಸಹೊರಟದ್ದು ಸ್ವರ್ಗಕ್ಕೆ ಹೋಗುವ ದಾರಿಯನ್ನು, ಆಕಾಶ ನಡೆಯುವ ರೀತಿಯನ್ನಲ್ಲ ಎಂಬ ಕಾರ್ಡಿನಲ್ ಒಬ್ಬರ ಮಾತನ್ನು ಗೆಲಿಲಿಯೊ 1615ರಲ್ಲಿ ಎತ್ತಿ ತೋರಿಸಿದ್ದ. ಅದೇ ವರ್ಷ ಕಾರ್ಡಿನಲ್ ಬೆಲ್ಲರ್ಮಿನ್ ಪತ್ರವೊಂದರಲ್ಲಿ, ಭೂಮಿ ಸುತ್ತುತ್ತದೆ ಎಂಬುದಕ್ಕೆ ನಿಜವಾದ ರುಜುವಾತು ಸಿಕ್ಕರೆ ಅದಕ್ಕೆ ವಿರುದ್ಧವೆನಿಸುವ ವಾಕ್ಯಗಳನ್ನು ಬಹಳ ಎಚ್ಚರದಿಂದ ಮರುವ್ಯಾಖ್ಯಾನ ಮಾಡಬೇಕಾದೀತು, ರುಜುವಾತಾದದ್ದನ್ನು ಸುಳ್ಳೆನ್ನುವುದಕ್ಕಿಂತ ಆ ವಾಕ್ಯಗಳು ನಮಗೆ ಅರ್ಥವಾಗಿಲ್ಲ ಎನ್ನುವುದು ಮೇಲು ಎಂದು ಬರೆದಿದ್ದರು. ಅಂದರೆ ತತ್ವದಲ್ಲಿ ಇಬ್ಬರ ನಡುವೆ ಅಂತರ ಕಡಿಮೆ. ಪೂರ್ಣ ರುಜುವಾತು ಆಗ ಗೆಲಿಲಿಯೊನ ಬಳಿಯೂ ಇರಲಿಲ್ಲ.

ಇಷ್ಟು ಹೇಳಿ ಧರ್ಮಸಭೆಯ ತಪ್ಪನ್ನು ಹಗುರ ಮಾಡಲಾಗದು. ರುಜುವಾತು ಬರುವವರೆಗೆ ಕಾಯೋಣ ಎನ್ನುವುದು ಬೇರೆ, ರುಜುವಾತು ಹುಡುಕುವವನ ಬಾಯಿ ಮುಚ್ಚಿಸುವುದು ಬೇರೆ. ಗೆಲಿಲಿಯೊಗಿಂತ ಮೊದಲೇ ಭೂಮಿ ಸುತ್ತುತ್ತದೆ ಎಂದಿದ್ದ ಕೋಪರ್ನಿಕಸ್‌ನ ಗ್ರಂಥ 1616ರಲ್ಲಿ ನಿಷೇಧದ ಪಟ್ಟಿ ಸೇರಿತು. ಆ ಪಟ್ಟಿಯಿಂದ ಅದು ಹೊರಬಂದದ್ದು 1835ರ ಮುದ್ರಣದಲ್ಲಿ. ಗೆಲಿಲಿಯೊ 1642ರಲ್ಲಿ ಸಾಯುವವರೆಗೆ ಗೃಹಬಂಧನದಲ್ಲೇ ಉಳಿದ. ಅಂದಿನ ದೈವಶಾಸ್ತ್ರಜ್ಞರು ಗ್ರಂಥಕ್ಕೂ ಅದರ ವ್ಯಾಖ್ಯಾನಕ್ಕೂ ಇರುವ ಅಂತರವನ್ನು ಗುರುತಿಸಲಿಲ್ಲವೆಂದು ಪೋಪ್ 2ನೇ ಜಾನ್ ಪೌಲ್ ಬಹಿರಂಗವಾಗಿ ಒಪ್ಪಿಕೊಂಡದ್ದು 1992ರ ಅಕ್ಟೋಬರ್ 31ರಂದು. ಮುನ್ನೂರೈವತ್ತೊಂಬತ್ತು ವರ್ಷಗಳ ಈ ವಿಳಂಬದ ಬೆಲೆಯನ್ನು ಧರ್ಮಸಭೆ ಇಂದಿಗೂ ತೆರುತ್ತಿದೆ. ವಿಜ್ಞಾನದ ವಿದ್ಯಾರ್ಥಿಗೆ ಲಮೇತ್ರ್ ಹೆಸರು ಗೊತ್ತಿಲ್ಲದಿದ್ದರೂ ಗೆಲಿಲಿಯೊ ಕಥೆ ಗೊತ್ತಿರುತ್ತದೆ.

ವಿಕಾಸವಾದ: ಒಪ್ಪಿಗೆ ಇರುವಲ್ಲಿ, ಇಕ್ಕಟ್ಟು ಇರುವಲ್ಲಿ

ಡಾರ್ವಿನ್ ವಿಷಯದಲ್ಲಿ ಧರ್ಮಸಭೆ ನಿಧಾನವಾಗಿಯಾದರೂ ಬೇರೆ ಹೆಜ್ಜೆ ಇಟ್ಟಿತು. ಗ್ರಂಥಕರ್ತರು ತಮ್ಮ ಕಾಲದ ಯಾವ ಸಾಹಿತ್ಯಪ್ರಕಾರವನ್ನು ಬಳಸಿದರು ಎಂಬುದನ್ನು ಅರಿತೇ ಶ್ರೀಗ್ರಂಥವನ್ನು ಓದಬೇಕೆಂದು 1943ರಲ್ಲಿ ಪೋಪ್ 12ನೇ ಪಿಯುಸ್ ವಿಧಿಸಿದರು. ಮಾನವದೇಹ ಹಿಂದಿನ ಜೀವಿಗಳಿಂದ ಬಂದಿದೆಯೇ ಎಂಬ ಸಂಶೋಧನೆಗೆ 1950ರಲ್ಲಿ ಅವರೇ ಬಾಗಿಲು ತೆರೆದಿಟ್ಟರು. ಆತ್ಮವನ್ನು ಮಾತ್ರ ದೇವರು ನೇರವಾಗಿ ಸೃಷ್ಟಿಸುತ್ತಾರೆ ಎಂಬ ಬೋಧನೆಯನ್ನು ಉಳಿಸಿಕೊಂಡರು. ವಿಕಾಸವಾದ ಬರಿಯ ಊಹೆಗಿಂತ ಹೆಚ್ಚಿನದು ಎಂದು 1996ರಲ್ಲಿ 2ನೇ ಜಾನ್ ಪೌಲ್ ಹೇಳಿದರು. ಇದಕ್ಕೂ ಮೂರು ವರ್ಷ ಮುಂಚೆ ವ್ಯಾಟಿಕನ್‌ನ ಬೈಬಲ್ ಆಯೋಗ ಇನ್ನೂ ಕಟುವಾಗಿ ಮಾತಾಡಿತ್ತು. ಅಕ್ಷರಕ್ಕೆ ಅಂಟಿಕೊಳ್ಳುವ ಮೂಲಭೂತವಾದಿ ಓದು ಜನರನ್ನು ಒಂದು ಬಗೆಯ ಬೌದ್ಧಿಕ ಆತ್ಮಹತ್ಯೆಗೆ ಕರೆಯುತ್ತದೆ ಎಂಬುದು ಅದರ ತೀರ್ಪು. ಆರು ದಿನಗಳ ಸೃಷ್ಟಿಯನ್ನು ಜೀವಶಾಸ್ತ್ರದ ಪಾಠಕ್ಕೆ ಎದುರಾಗಿ ನಿಲ್ಲಿಸುವವರು ಕ್ಯಾಥೊಲಿಕ್ ಬೋಧನೆಯನ್ನು ಕಾಪಾಡುತ್ತಿಲ್ಲ, ಅದರಿಂದ ದೂರ ಸರಿಯುತ್ತಿದ್ದಾರೆ.

ಹಾಗೆಂದು ಎಲ್ಲವೂ ಬಗೆಹರಿದಿದೆ ಎನ್ನುವಂತಿಲ್ಲ. ನಿಜವಾದ ಇಕ್ಕಟ್ಟು ಬೈಬಲ್ ಹೇಳುವ ಮೊದಲ ಮಾನವ ಜೋಡಿ ಆದಾಮ ಮತ್ತು ಏವರದು. ಎಲ್ಲ ಮನುಷ್ಯರೂ ಹುಟ್ಟುವಾಗಲೇ ಪಾಪದ ಸ್ಥಿತಿಯಲ್ಲಿರುತ್ತಾರೆ ಎಂಬ ಜನ್ಮಪಾಪದ ಬೋಧನೆ ಮಾನವಕುಲದ ಆರಂಭದಲ್ಲಿ ನಡೆದ ಒಂದು ಅವಿಧೇಯತೆಯನ್ನು ಆಧರಿಸಿದೆ. ಆದಿಕಾಂಡದ 3ನೇ ಅಧ್ಯಾಯ ಸಾಂಕೇತಿಕ ಭಾಷೆಯಲ್ಲಿದ್ದರೂ ಅದು ಹೇಳುವುದು ಇತಿಹಾಸದ ಆದಿಯಲ್ಲಿ ನಡೆದ ಘಟನೆಯನ್ನೇ ಎಂದು ಅಧಿಕೃತ ಧರ್ಮೋಪದೇಶ ಗ್ರಂಥ ತಿಳಿಸುತ್ತದೆ. ಇತ್ತ ಇಂದಿನ ಮನುಷ್ಯರಲ್ಲಿರುವ ತಳಿವೈವಿಧ್ಯ ಒಂದೇ ಜೋಡಿಯಿಂದ ಬಂದದ್ದಲ್ಲ, ಸಾವಿರಾರು ಜನರಿದ್ದ ಪೂರ್ವಜ ಸಮುದಾಯದಿಂದ ಬಂದದ್ದು ಎಂದು ತಳಿವಿಜ್ಞಾನ ಸೂಚಿಸುತ್ತದೆ. ಎಲ್ಲ ಮನುಷ್ಯರೂ ಒಂದೇ ಜೋಡಿಯಿಂದ ಬಂದವರಲ್ಲ ಎಂಬ ವಾದ ಜನ್ಮಪಾಪದ ಬೋಧನೆಗೆ ಹೇಗೆ ಹೊಂದುತ್ತದೆ ಎಂಬುದು ಕಾಣುತ್ತಿಲ್ಲವೆಂದು 12ನೇ ಪಿಯುಸ್ ಅವರ 1950ರ ದಾಖಲೆ ಹೇಳಿತ್ತು. ಆ ಸಮುದಾಯದೊಳಗಿನ ಇಬ್ಬರಿಗೆ ಮೊದಲು ವಿವೇಚನೆಯ ಆತ್ಮ ಲಭಿಸಿತು, ಅವರ ಸಂತತಿ ಉಳಿದವರೊಂದಿಗೆ ಬೆರೆಯಿತು ಎಂದು ಕೆಲವು ಕ್ಯಾಥೊಲಿಕ್ ಚಿಂತಕರು ಪರಿಹಾರ ಸೂಚಿಸುತ್ತಾರೆ. ಆದಾಮನೆಂದರೆ ಇಡೀ ಆದಿಮಾನವ ಸಮುದಾಯವೆಂದು ಇನ್ನು ಕೆಲವರು ಹೇಳುತ್ತಾರೆ. ಯಾವುದನ್ನೂ ರೋಮ್ ಅಧಿಕೃತವಾಗಿ ಒಪ್ಪಿಲ್ಲ. ಈ ಪ್ರಶ್ನೆ ತೆರೆದೇ ಇದೆ, ಅದು ತೆರೆದಿದೆಯೆಂದು ಯುವಕರಿಗೆ ನೇರವಾಗಿ ಹೇಳುವುದೇ ಪ್ರಾಮಾಣಿಕತೆ.

ಪುನರುತ್ಥಾನವನ್ನು ಸಂಕೇತವೆನ್ನಲು ಬಾರದೇ?

ಇಲ್ಲಿಗೆ ಬಂದಾಗ ಚುರುಕಾದ ಓದುಗ ಕೇಳಬೇಕಾದ ಪ್ರಶ್ನೆಯೊಂದಿದೆ. ಆರು ದಿನಗಳು ಸಂಕೇತ, ನಿಂತ ಸೂರ್ಯ ಅಂದಿನ ಮಾತಿನ ರೂಢಿ ಎನ್ನುವುದಾದರೆ ಯೇಸುವಿನ ಪುನರುತ್ಥಾನವೂ ಸಂಕೇತವೇ ಏಕಾಗಬಾರದು? ವಿಚಾರವಾದಿಗಳು ಇದನ್ನು ಅನುಕೂಲಸಿಂಧು ಎನ್ನುತ್ತಾರೆ. ವಿಜ್ಞಾನ ಒತ್ತಿದ ಕಡೆ ಸಂಕೇತ, ಒತ್ತದ ಕಡೆ ಸತ್ಯಘಟನೆ ಎಂಬುದು ಅವರ ದೂರು. ಅಕ್ಷರವಾದಿಗಳು ಇದೇ ಮಾತನ್ನು ಎದುರುದಿಕ್ಕಿನಿಂದ ಹೇಳುತ್ತಾರೆ. ಒಂದು ಇಟ್ಟಿಗೆ ಕಿತ್ತವರು ಗೋಡೆಯನ್ನೇ ಬೀಳಿಸುತ್ತಾರೆ ಎಂದು.

ಧರ್ಮಸಭೆಯ ಉತ್ತರ ಬರಹದ ಪ್ರಕಾರವನ್ನು ಆಧರಿಸಿದೆ. ಆದಿಕಾಂಡದ ಆರಂಭವನ್ನು ಯಾರೂ ಕಣ್ಣಾರೆ ಕಂಡು ಬರೆದಿಲ್ಲ, ಅದು ಹಾಗೆ ಹೇಳಿಕೊಳ್ಳುವುದೂ ಇಲ್ಲ. ಪುನರುತ್ಥಾನದ ಬರಹಗಳು ಸಾಕ್ಷ್ಯದ ರೂಪದಲ್ಲಿವೆ. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದಲ್ಲಿ ಯೇಸುವನ್ನು ಕಂಡವರನ್ನು ಹೆಸರಿಸಿ, ಕ್ರಿಸ್ತರು ಎದ್ದುಬರದಿದ್ದರೆ ನಮ್ಮ ವಿಶ್ವಾಸವೇ ವ್ಯರ್ಥ ಎಂದು ತಮ್ಮ ಇಡೀ ಬೋಧನೆಯನ್ನು ಪಣಕ್ಕಿಡುತ್ತಾರೆ. ಸಾಕ್ಷ್ಯವನ್ನು ನಂಬದಿರುವ ಹಕ್ಕು ಓದುಗನಿಗಿದೆ. ಆದರೆ ಬರೆದವರು ಸಂಕೇತವಾಗಿ ಹೇಳಿದರು ಎನ್ನುವುದು ಆ ಬರಹಕ್ಕೆ ನ್ಯಾಯ ಒದಗಿಸುವುದಿಲ್ಲ. ಇಂಥ ಒಮ್ಮೆ ಮಾತ್ರ ನಡೆದ ಘಟನೆಯನ್ನು ಪ್ರಯೋಗಾಲಯದಲ್ಲಿ ಮರುಕಳಿಸಿ ನೋಡಲು ಬರುವುದಿಲ್ಲ. ಸಾಕ್ಷಿಗಳ ಮಾತಿಗೆ ಎಷ್ಟು ತೂಕ ಕೊಡಬೇಕು ಎಂಬುದರಲ್ಲಿಯೇ ವಿಶ್ವಾಸಿಗೂ ಸಂದೇಹವಾದಿಗೂ ಇರುವ ಭಿನ್ನಾಭಿಪ್ರಾಯ ಉಳಿಯುತ್ತದೆ, ಮತ್ತು ಅದು ಸಣ್ಣದಲ್ಲ.

ವಿಜ್ಞಾನ ಒಂದು ಕೋಣೆಯಲ್ಲಿ, ಧರ್ಮ ಇನ್ನೊಂದು ಕೋಣೆಯಲ್ಲಿ ಇದ್ದುಬಿಟ್ಟರೆ ಜಗಳವೇ ಇಲ್ಲ ಎನ್ನುವವರೂ ಇದ್ದಾರೆ. ಇದು ಸುಲಭ, ಸಭ್ಯ. ಆದರೆ ಇದು ಕ್ಯಾಥೊಲಿಕ್ ನಿಲುವಲ್ಲ. ವಿಶ್ವಾಸಕ್ಕೂ ವಿವೇಚನೆಗೂ ನಿಜವಾದ ವಿರೋಧ ಇರಲಾರದು ಎಂದು ಮೊದಲ ವ್ಯಾಟಿಕನ್ ಮಹಾಸಭೆ 1870ರಲ್ಲಿ ಸಾರಿದ್ದಕ್ಕೆ ಕಾರಣ ಸತ್ಯ ಒಂದೇ ಎಂಬ ನಂಬಿಕೆ. ಈ ನಂಬಿಕೆ ನೆಮ್ಮದಿಗಿಂತ ಹೆಚ್ಚಾಗಿ ಹೊರೆಯನ್ನು ತರುತ್ತದೆ. ಸತ್ಯ ಒಂದೇ ಎಂದಮೇಲೆ ಪ್ರಕೃತಿಯಲ್ಲಿ ಸಿದ್ಧವಾದ ಸಂಗತಿಯನ್ನು ಕಡೆಗಣಿಸಿ ಗ್ರಂಥ ಓದುವ ಅವಕಾಶವೇ ಇಲ್ಲ. ವಿಜ್ಞಾನ ಮುಂದೆ ಹೋದಷ್ಟೂ ದೈವಶಾಸ್ತ್ರ ತನ್ನ ಓದನ್ನು ಪರೀಕ್ಷಿಸಿಕೊಳ್ಳಲೇಬೇಕು.

ನಮ್ಮ ಊರುಗಳಲ್ಲಿ ಇದರ ಪರಿಣಾಮ

ಮೊದಲ ಪರಿಣಾಮ ಶಾಲೆಯಲ್ಲಿ ಕಾಣುತ್ತದೆ. 2023ರಲ್ಲಿ ಕೇಂದ್ರದ ಪಠ್ಯಪುಸ್ತಕ ಸಂಸ್ಥೆ ಎನ್‌ಸಿಇಆರ್‌ಟಿ ಹತ್ತನೆಯ ತರಗತಿಯ ವಿಜ್ಞಾನ ಪಠ್ಯದಿಂದ ವಿಕಾಸವಾದದ ಭಾಗವನ್ನು ಕೈಬಿಟ್ಟಾಗ 1,800ಕ್ಕೂ ಹೆಚ್ಚು ವಿಜ್ಞಾನಿಗಳು ಮತ್ತು ಶಿಕ್ಷಕರು ಪ್ರತಿಭಟಿಸಿ ಪತ್ರ ಬರೆದರು. ಹನ್ನೆರಡನೆಯ ತರಗತಿಯ ಜೀವಶಾಸ್ತ್ರದಲ್ಲಿ ಆ ಪಾಠ ಉಳಿದಿದ್ದರೂ, ಹತ್ತರ ನಂತರ ವಾಣಿಜ್ಯ ಅಥವಾ ಕಲಾ ವಿಭಾಗಕ್ಕೆ ಹೋಗುವ ಮಗು ಅದನ್ನು ಓದುವುದೇ ಇಲ್ಲ. ಆಗ ಮಾನವನ ಮೂಲದ ಬಗ್ಗೆ ಆ ಮಗುವಿಗೆ ಸಿಗುವ ಮಾಹಿತಿ ಮೊಬೈಲಿನಲ್ಲಿ ಬಂದದ್ದಷ್ಟೇ ಆಗುವ ಅಪಾಯವಿದೆ. ತಮ್ಮ ಧರ್ಮಸಭೆಯ ಬೋಧನೆಗೆ ವಿರೋಧವಿಲ್ಲದ ವಿಷಯವನ್ನು ಕಲಿಸಲು ಖಾನಾಪುರದಿಂದ ವಿಜಯಪುರದವರೆಗಿನ ಕ್ಯಾಥೊಲಿಕ್ ಶಾಲೆಗಳಿಗೆ ಅಡ್ಡಿಯೇನೂ ಇಲ್ಲ, ಬದಲಿಗೆ ಕಾರಣವಿದೆ. ಧರ್ಮಕೇಂದ್ರದ ಭಾನುವಾರದ ತರಗತಿ ಪ್ರಥಮ ಪರಮಪ್ರಸಾದದ ವಯಸ್ಸಿನ ಕಥೆಗಳಲ್ಲೇ ನಿಂತುಬಿಟ್ಟರೆ, ಪಿಯುಸಿಯಲ್ಲಿ ತಳಿವಿಜ್ಞಾನ ಓದುವ ಹುಡುಗಿ ಎರಡರಲ್ಲಿ ಒಂದನ್ನು ಬಿಡಬೇಕೆಂದು ತಿಳಿಯುತ್ತಾಳೆ. ಅವಳು ಬಿಡುವುದು ಯಾವುದನ್ನು ಎಂಬುದು ಊಹಿಸಲು ಕಷ್ಟವಲ್ಲ.

ಎರಡನೆಯದು ಆಸ್ಪತ್ರೆಗೆ ಸಂಬಂಧಿಸಿದ್ದು. ಗುಣಪಡಿಸುವ ಪ್ರಾರ್ಥನಾಕೂಟಗಳು ಚಿಕಿತ್ಸೆಯನ್ನು ಬಿಡಿಸುತ್ತವೆಯೇ ಎಂಬ ಆತಂಕ ಸಕಾರಣವಾದದ್ದು. ಈ ಬಗ್ಗೆ 2000ದಲ್ಲಿ ಹೊರಬಂದ ವ್ಯಾಟಿಕನ್ ಸೂಚನೆ ಸ್ಪಷ್ಟವಾಗಿದೆ. ಪ್ರಾರ್ಥನೆಯು ಔಷಧೋಪಚಾರವನ್ನು ತಡೆಯುವುದಿಲ್ಲ, ಪ್ರೋತ್ಸಾಹಿಸುತ್ತದೆ. ಕೂಟಗಳಲ್ಲಿ ಉನ್ಮಾದ, ನಾಟಕೀಯತೆ, ರೋಚಕತೆಗೆ ಎಡೆ ಕೊಡಬಾರದು. ಸಂತನಾದ ಅಕ್ಯುಟಿಸ್‌ನನ್ನೂ ಮನೆಯವರು ಆಸ್ಪತ್ರೆಗೇ ಸೇರಿಸಿದ್ದರು, ಅವನು ಕೊನೆಯುಸಿರೆಳೆದದ್ದೂ ಅಲ್ಲಿಯೇ. ಕೃತಕ ಗರ್ಭಧಾರಣೆಯಂಥ ವಿಷಯಗಳಲ್ಲಿ ಧರ್ಮಸಭೆಗೆ ವಿರೋಧವಿದೆ ನಿಜ, ಆದರೆ ಅಲ್ಲಿನ ವಾದ ನೈತಿಕತೆಯದು. ಭ್ರೂಣಶಾಸ್ತ್ರ ಹೇಳುವ ಸಂಗತಿಗಳನ್ನು ಅದು ನಿರಾಕರಿಸುತ್ತಿಲ್ಲ. ಇವೆರಡನ್ನು ಒಂದೇ ಚೀಲಕ್ಕೆ ತುಂಬುವುದರಿಂದ ಚರ್ಚೆ ಕೆಡುತ್ತದೆ.

ಮೂರನೆಯದು ಹೆಚ್ಚು ಸೂಕ್ಷ್ಮವಾದದ್ದು. 2012ರಲ್ಲಿ ಮುಂಬೈನ ಚರ್ಚೊಂದರ ಶಿಲುಬೆಯಿಂದ ನೀರು ತೊಟ್ಟಿಕ್ಕತೊಡಗಿದಾಗ ಜನ ಸೇರಿದರು. ವಿಚಾರವಾದಿ ಸನಲ್ ಎಡಮರುಕು ಪರೀಕ್ಷಿಸಿ, ಕಟ್ಟಿಕೊಂಡ ಚರಂಡಿಯ ನೀರು ಗೋಡೆಯ ಸೂಕ್ಷ್ಮರಂಧ್ರಗಳಲ್ಲಿ ಮೇಲೇರಿ ಹೊರಬರುತ್ತಿದೆ ಎಂದರು. ಕೆಲವು ಕ್ಯಾಥೊಲಿಕ್ ಸಂಘಟನೆಗಳವರು ಧಾರ್ಮಿಕ ಭಾವನೆಗೆ ಧಕ್ಕೆ ತಂದರೆಂದು ಅವರ ವಿರುದ್ಧ ಭಾರತೀಯ ದಂಡಸಂಹಿತೆಯ 295ಎ ಕಲಮಿನಡಿ ದೂರು ಕೊಟ್ಟರು, ಅವರು ದೇಶ ಬಿಟ್ಟು ಫಿನ್ಲೆಂಡಿಗೆ ಹೋದರು. ಅಗಸ್ಟೀನರು ಯಾವುದನ್ನು ಕಂಡು ನಾಚಿಕೆಪಡುತ್ತಿದ್ದರೋ ಅದೇ ಇಲ್ಲಿ ವಿಶ್ವಾಸದ ರಕ್ಷಣೆಯ ಹೆಸರಿನಲ್ಲಿ ನಡೆಯಿತು. ನೀರು ಎಲ್ಲಿಂದ ಬಂತೆಂದು ಹುಡುಕಿದವನು ವಿಶ್ವಾಸಕ್ಕೆ ಕೇಡು ಮಾಡಿರಲಿಲ್ಲ; ಧರ್ಮಸಭೆ ತನ್ನ ತನಿಖೆಯಲ್ಲಿ ತಾನೇ ಮಾಡಬೇಕಾದ ಕೆಲಸ ಅದು.

2024ರ ಮೇ 17ರಂದು ವ್ಯಾಟಿಕನ್ ಹೊರಡಿಸಿದ ಹೊಸ ನಿಯಮಗಳನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಪ್ರತಿಮೆ ಕಣ್ಣೀರಿಟ್ಟಿತು, ದರ್ಶನವಾಯಿತು ಎಂಬಂಥ ಸುದ್ದಿ ಯಾವುದೇ ಧರ್ಮಪ್ರಾಂತ್ಯದಲ್ಲಿ ಎದ್ದರೆ ಬಿಷಪರು ತನಿಖಾ ಆಯೋಗ ರಚಿಸಬೇಕು. ಅದರಲ್ಲಿ ಒಬ್ಬ ದೈವಶಾಸ್ತ್ರಜ್ಞ, ಒಬ್ಬ ಧರ್ಮಸಭೆಯ ಕಾನೂನು ಬಲ್ಲವರಲ್ಲದೆ ಆ ವಿದ್ಯಮಾನಕ್ಕೆ ಸಂಬಂಧಿಸಿದ ವಿಷಯತಜ್ಞರೂ ಇರಬೇಕು. ತನಿಖೆಯ ನಂತರವೂ ಬಿಷಪರು 'ಇದು ಅಲೌಕಿಕ' ಎಂದು ಘೋಷಿಸುವ ಹಳೆಯ ರೂಢಿ ಈಗ ಸಾಮಾನ್ಯವಾಗಿ ಇಲ್ಲ. ಭಕ್ತಿಗೆ ಅಡ್ಡಿಯಿಲ್ಲ ಎಂಬಲ್ಲಿಂದ ಹಿಡಿದು ಅಲೌಕಿಕವಲ್ಲ ಎಂಬವರೆಗಿನ ಆರು ಬಗೆಯ ತೀರ್ಮಾನಗಳಲ್ಲಿ ಒಂದನ್ನು ರೋಮ್‌ನ ಒಪ್ಪಿಗೆ ಪಡೆದು ಪ್ರಕಟಿಸಬೇಕು. ಅಲೌಕಿಕವಲ್ಲ ಎಂಬ ತೀರ್ಮಾನ ಬಂದರೆ ಅದು ಖಚಿತ ಸಂಗತಿಗಳನ್ನೂ ಪುರಾವೆಯನ್ನೂ ಆಧರಿಸಿರಬೇಕು ಎಂದೂ ಈ ನಿಯಮಗಳು ಹೇಳುತ್ತವೆ. ನಾಳೆ ನಮ್ಮ ಭಾಗದ ಯಾವುದೋ ಹಳ್ಳಿಯ ಗುಡಿಗೋಡೆಯಲ್ಲೋ ಪ್ರಾರ್ಥನಾಲಯದಲ್ಲೋ ನೀರು ಜಿನುಗಿದ ಸುದ್ದಿ ಹಬ್ಬಿದರೆ, ಕ್ಯಾಥೊಲಿಕ್ ಪ್ರಾರ್ಥನಾಲಯದ ಮಟ್ಟಿಗೆ ಮೊದಲು ಕರೆಸಬೇಕಾದವರಲ್ಲಿ ನೀರಿನ ಕೊಳವೆಗಳನ್ನು ಬಲ್ಲ ಎಂಜಿನಿಯರ್ ಕೂಡ ಒಬ್ಬರು.